ದರಪಟ್ಟಿಯಲ್ಲಿ ಕಾಣಬೇಕಾದ ಕೈಗಳು

ವಸ್ತುವಿನ ಬೆಲೆಯನ್ನು ನಾವು ಎಷ್ಟೋ ಬಾರಿ ಕೇಳುತ್ತೇವೆ. ಅದನ್ನು ಕಾಯ್ದಿಟ್ಟು, ಕಟ್ಟಿ, ಕೊಂಡವರ ಮನೆಗೆ ಮುಟ್ಟಿಸುವ ಸೇವೆಯ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂದು ಕೇಳುವುದು ಅಪರೂಪ. ನಮ್ಮ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದಾಗ ಈ ಪ್ರಶ್ನೆ ಏಳುತ್ತಿರಲಿಲ್ಲ. ನೆಲವೂ ಮನೆಯದು, ಕಾಳೂ ಮನೆಯದು, ದುಡಿಮೆಯೂ ಮನೆಯವರದು. ಕಾಯುವ ಕೆಲಸ ಬೇರೆಯವರ ಪಾಲಿಗೆ ಬಂದಾಗ ನ್ಯಾಯದ ಪ್ರಶ್ನೆಯೂ ಜೊತೆಗೆ ಬರುತ್ತದೆ.

ಶಿರಹಟ್ಟಿಯಲ್ಲಿ ನನಗೆ ಪರಿಚಿತರಾದ ಕೆಲವು ತರುಣರು ಹಳೆಯದೊಂದು ಗೋದಾಮನ್ನು ಬಾಡಿಗೆಗೆ ಹಿಡಿದರು. ಸುತ್ತಲಿನ ಹಳ್ಳಿಗಳ ಮಹಿಳಾ ಸಂಘಗಳು ತಯಾರಿಸುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಅಲ್ಲಿ ದಾಸ್ತಾನು ಮಾಡಿ, ಬೆಂಗಳೂರು, ಪುಣೆಯಿಂದ ಬೇಡಿಕೆ ಬಂದಂತೆ ಪಾರ್ಸೆಲ್ ಕಟ್ಟಿ ಕಳುಹಿಸುವುದು ಅವರ ಯೋಜನೆ. ಲೆಕ್ಕಪತ್ರದ ಅಭ್ಯಾಸವಿದ್ದ ನನ್ನನ್ನು ದರ ಗೊತ್ತುಮಾಡಲು ಕರೆದರು. “ಪಾರ್ಸೆಲ್ಲಿಗೆ ಮೂವತ್ತು ರೂಪಾಯಿ ಅಂತ ಒಂದೇ ದರ ಹಾಕಿಬಿಡೋಣ್ರಿ ಸರ್. ಕೊರಿಯರ್ ಖರ್ಚು ಎಲ್ಲರಿಗೂ ಸಮನಾಗಿ ಹಂಚೋಣ” ಎಂದರು.

ನಾನು ಹಾಳೆಯ ಮೇಲೆ ಒಂದು ಅಂದಾಜು ಬರೆದೆ. ತಿಂಗಳಿಗೆ ಬಾಡಿಗೆ 6,000, ಪಾರ್ಸೆಲ್ ಕಟ್ಟುವ ಹೆಣ್ಣುಮಗಳ ಸಂಬಳ 15,000. ಒಟ್ಟು 21,000 ರೂಪಾಯಿ. 700 ಪಾರ್ಸೆಲ್ ಹೋದರೆ ಒಂದಕ್ಕೆ 30 ರೂಪಾಯಿ ಸಾಕು. ಆದರೆ 200 ಮಾತ್ರ ಹೋದರೆ ಬರುವುದು 6,000. ಅದು ಬಾಡಿಗೆಗೇ ಮುಗಿಯುತ್ತದೆ. ಕೊರತೆ 15,000, ಅಂದರೆ ಸರಿಯಾಗಿ ಆ ಹೆಣ್ಣುಮಗಳ ಸಂಬಳ. ಕಟ್ಟಡದ ಮಾಲೀಕ ಬಾಡಿಗೆ ಬಿಡುವುದಿಲ್ಲ. ಹೀಗಿರುವಾಗ ಅಗ್ಗದ ದರದ ಭಾರ ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ತರುಣರಿಗೆ ತಿಳಿಯಿತು.

ಕೊರಿಯರ್ ಖರ್ಚಿನದು ಇನ್ನೊಂದು ತೊಡಕು. ಅನೇಕ ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತವೆ. ಆ ಸಂಖ್ಯೆ ಮತ್ತು ನಿಜವಾದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ ಪಡೆಯುತ್ತವೆ. 40, 40, 25ರ ಪೆಟ್ಟಿಗೆಯಲ್ಲಿ ಮೂರು ಕಿಲೋ ರೊಟ್ಟಿ ಇಟ್ಟರೂ ಎಂಟು ಕಿಲೋದ ಖರ್ಚು. ಮೂರು ಕಿಲೋ ಚಟ್ನಿಪುಡಿ ಚಿಕ್ಕ ಪೆಟ್ಟಿಗೆಯಲ್ಲಿ ಮೂರು ಕಿಲೋದ ಖರ್ಚಿನಲ್ಲೇ ಹೋಗುತ್ತದೆ. ಸಮನಾಗಿ ಹಂಚಿದರೆ ಚಟ್ನಿ ಮಾಡುವವರು ತಮಗರಿವಿಲ್ಲದೆ ರೊಟ್ಟಿಯವರ ಖರ್ಚು ಹೊರುತ್ತಾರೆ. ಸಮನಾಗಿ ಹಂಚಿದ್ದೆಲ್ಲವೂ ನ್ಯಾಯವಲ್ಲ.

ಹಾಗಾದರೆ ದಾರಿ ಯಾವುದು? ಪ್ರತಿಯೊಂದು ಕೆಲಸವನ್ನೂ ಬೇರೆ ಬೇರೆಯಾಗಿ ಬರೆಯುವುದು. ಅಡತಿ ಅಂಗಡಿಯ ಪಟ್ಟಿಯಲ್ಲಿ ಹಮಾಲಿ, ತೂಕದ ಖರ್ಚುಗಳನ್ನು ಬೇರೆಯಾಗಿ ಕಾಣಿಸುವ ರೂಢಿ ನಮ್ಮ ರೈತರಿಗೆ ಹೊಸದಲ್ಲ. 2007ರ ಉಗ್ರಾಣ ಕಾಯಿದೆಯೂ ಉಗ್ರಾಣದ ರಸೀದಿಯಲ್ಲಿ ದಾಸ್ತಾನಿನ ದರ ಹಾಗೂ ಸರಕು ನಿರ್ವಹಣೆಯ ದರ ಎರಡೂ ಇರಬೇಕೆನ್ನುತ್ತದೆ. ಅದರಂತೆ ನಾಲ್ಕು ಬಾಬುಗಳಾದವು: ಸರಕು ಇಳಿಸಿ ಎಣಿಸಿಕೊಳ್ಳುವುದು, ಕಪಾಟಿನ ಜಾಗ, ಕಟ್ಟುವ ಕೂಲಿ, ಕೊರಿಯರ್. ಕಪಾಟಿನ ಜಾಗಕ್ಕೆ ತಿಂಗಳ ದರವಿಟ್ಟು, ಬಾಡಿಗೆಯನ್ನೂ ಸಂಬಳದ ಬಹುಭಾಗವನ್ನೂ ಅದರಲ್ಲಿ ಸೇರಿಸಿದೆವು. ಬೇಡಿಕೆ ತಗ್ಗಿದರೂ ದುಡಿದವಳ ಊಟ ತಪ್ಪಬಾರದಲ್ಲವೇ? ಒಂದೇ ಕಪಾಟು ಹಿಡಿದ ಚಿಕ್ಕ ಸಂಘಕ್ಕೆ ಒಂದೇ ಕಪಾಟಿನ ಹಣ. ಕೊರಿಯರ್ ಖರ್ಚು ಆದಷ್ಟೇ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಹುಟ್ಟಿತು. ಸಂಘದ ಲೆಕ್ಕವನ್ನು ಸದಸ್ಯರೆಲ್ಲ ಕೂಡಿ ನೋಡಬೇಕೆಂಬುದು ಸಹಕಾರದ ತತ್ವ. ಆ ನೆಲದ ನೆರೆಯವರಾದ ನಾವು ದರಪಟ್ಟಿಯನ್ನು ಮೊದಲು ಸಂಘದ ತಾಯಂದಿರ ಮುಂದಿಟ್ಟೆವು. “ನಮ್ಮ ರೊಟ್ಟಿಗಷ್ಟ ಯಾಕ್ರಿ ಜಾಸ್ತಿ?” ಎಂದು ಒಬ್ಬ ಹಿರಿಯರು ಕೇಳಿದರು. ಪೆಟ್ಟಿಗೆಯನ್ನು ಅಳೆದು ತೋರಿಸಿದಾಗ, ಅದರೊಳಗಿನ ಖಾಲಿ ಜಾಗವನ್ನು ಬೆರಳಿನಿಂದ ಮುಟ್ಟಿ, “ಹಂಗಾದ್ರ ಸಣ್ಣ ಡಬ್ಬಿ ತರ್ರಿ, ಒತ್ತಾಗಿ ಇಟ್ಟು ಕೊಡ್ತೀವಿ” ಎಂದರು. ಖರ್ಚು ಕಣ್ಣಿಗೆ ಕಂಡದ್ದರಿಂದಲೇ ಅದನ್ನು ತಗ್ಗಿಸುವ ಉಪಾಯವೂ ಹೊಳೆಯಿತು.

ಓದುಗರೇ, ನಿಮ್ಮ ಬಾಗಿಲಿಗೆ ಪಾರ್ಸೆಲ್ ಬಂದಾಗ ‘ಸಾಗಣೆ ಉಚಿತ’ ಎಂಬ ಬರಹ ಕಂಡರೆ ಒಂದು ಕ್ಷಣ ಯೋಚಿಸಿ. ಉಚಿತವಾಗಿ ಯಾವ ಪೆಟ್ಟಿಗೆಯೂ ನಡೆದು ಬರುವುದಿಲ್ಲ. ಆ ಹಣವನ್ನು ನೀವು ಕೊಟ್ಟಿರಿ, ಮಾರಿದವರು ಕೊಟ್ಟರು, ಇಲ್ಲವೇ ಕಟ್ಟಿದವರ ಕೂಲಿಯಲ್ಲಿ ಅದು ಕಡಿತವಾಯಿತು. ಈ ಮೂವರಲ್ಲಿ ಯಾರು ಎಂದು ಕೇಳುವ ಹಕ್ಕು ಕೊಳ್ಳುವವರಾದ ನಮಗಿದೆ. ಕೇಳಬೇಕಾದ ಹೊಣೆಯೂ ಇದೆ.