ಬಾಯಿಗೆ ನಾಲ್ಕು, ಕಣ್ಣಿಗೆ ಸೊನ್ನೆ

ತಾಂಡೂರ ಕಡೆ ಹೋಗುವ ಪ್ಯಾಸೆಂಜರ್‌ನಲ್ಲಿ ಮೊನ್ನೆ ಪಕ್ಕದ ಹುಡುಗನ ಕೈಗೆ ಒಂದು ಕಥಾಸಂಕಲನ ಕೊಟ್ಟೆ. ಡಿಗ್ರಿ ಕಲಿಯುತ್ತಿರುವ ನಮ್ಮ ವಾಡಿಯದೇ ಹುಡುಗ. ಬೆನ್ನುಡಿ ಕಡೆ ಕಣ್ಣಾಡಿಸಿ ವಾಪಸ್ ಕೊಟ್ಟ. “ಇಷ್ಟ್ ದಪ್ಪಂದು ಯಾರ್ ಓದ್ತಾರ್ರೀ ಕಾಕಾ? ಆಡಿಯೊ ಇದ್ರ ಕಳಸ್ರಿ.”

ಎದುರು ಕೂತಿದ್ದ ತಾಂಡೂರಿನ ಯಜಮಾನರು ಕೈ ಚಾಚಿದರು: “ಇಟು ಇಯ್ಯಂಡಿ ಸಾರೂ, ನಾ ನೋಡ್ತೀನಿ.” ತೆಲುಗು ಓದಬಲ್ಲವರಿಗೆ ನಮ್ಮ ಲಿಪಿ ಪೂರ್ತಿ ಪರಕೀಯವೇನಲ್ಲ. ಅಕ್ಷರದ ಮೇಲೆ ಬೆರಳಿಟ್ಟು, ಕೂಡಿಸಿ ಕೂಡಿಸಿ, ಸೇಡಂ ಬರುವಷ್ಟರಲ್ಲಿ ಒಂದು ಪುಟ ದಾಟಿದ್ದರು. ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ಕನ್ನಡದ ಕಥೆ ಓದಲು ಗಡಿಯಾಚೆಯವರೇ ಬರಬೇಕೆ? ಅವರ ಮನೆಯಲ್ಲೂ ಇದೇ ಗೋಳಂತೆ. “ಮಾ ಮನುಮಡು ಗೂಡ ಗಟ್ಲನೇ” ಎಂದು ಮೊಮ್ಮಗನನ್ನು ನೆನೆದು ನಕ್ಕರು. ತೆಲುಗಿನವರಿಗೂ ಇದೇ ಕಷ್ಟ ಎಂದು ತಿಳಿದಾಗ ಒಳಗೊಳಗೇ ಸ್ವಲ್ಪ ಸಮಾಧಾನವಾದದ್ದು ನಿಜ!

ನಮ್ಮ ಹುಡುಗರಿಗೆ ಭಾಷೆ ಬರುವುದಿಲ್ಲ ಎನ್ನುವಂತಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ, ಸಿಮೆಂಟ್ ಕಾಲೊನಿಯಲ್ಲಿ ಹಿಂದಿ, ಸಿನಿಮಾಕ್ಕೆ ತೆಲುಗು. ಸೊಲ್ಲಾಪುರದ ಗಾಡಿ ಹತ್ತಿದರೆ ನಾಲ್ಕು ಮಾತು ಮರಾಠಿಯೂ ಉದುರುತ್ತದೆ. ಬೆಂಗಳೂರಿನ ನೆಂಟರೆದುರು ನಾವು ಇದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಇಷ್ಟರಲ್ಲಿ ಯಾವ ಭಾಷೆಯಲ್ಲೂ ಹತ್ತು ಪುಟ ಸಲೀಸಾಗಿ ಓದಲಾರರು. ಮಾತು ಕಿವಿಯಿಂದ ಬಂದು ಬಾಯಿಂದ ಹೋಗುತ್ತದೆ, ಕಣ್ಣಿಗೆ ಕೆಲಸವೇ ಇಲ್ಲ. ಶಾಲೆಯೋ, ಇಂಗ್ಲಿಷ್ ಮೀಡಿಯಂ.

ಅದೇ ತಾಂಡೂರ ಲೈನಿನಲ್ಲಿ ಚಿತ್ತಾಪುರ ದಾಟಿದರೆ ಮಳಖೇಡ ರೋಡ್ ಸ್ಟೇಷನ್. ಮಳಖೇಡ ನೃಪತುಂಗನ ರಾಜಧಾನಿ, ಕ್ರಿ.ಶ. 850ರ ಸುಮಾರಿಗೆ ಅವನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ನಿಪುಣರೆಂದು ಅದು ಹೊಗಳಿತು. ನಮ್ಮವರು ‘ಓದದೆ’ ಎನ್ನುವುದನ್ನಷ್ಟೇ ವರವೆಂದು ಹಿಡಿದುಕೊಂಡಿದ್ದಾರೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಗೆ ರಾಜ್ಯದಲ್ಲೇ ಕೊನೆಯ ಸ್ಥಾನ ಬಂದಾಗ ಎಲ್ಲರೂ ಮೇಷ್ಟ್ರುಗಳನ್ನು ಬೈದರು. ಪಠ್ಯದ ಹೊರಗೆ ಒಂದು ಪುಟವನ್ನೂ ಓದಿ ಗೊತ್ತಿಲ್ಲದ ಮಗು ಪ್ರಶ್ನೆಪತ್ರಿಕೆಯನ್ನಾದರೂ ಹೇಗೆ ಓದೀತು ಎಂದು ಯಾರೂ ಕೇಳಲಿಲ್ಲ.

ಗ್ರಂಥಾಲಯಗಳು ಖಾಲಿ ಇವೆ ಎಂದರೆ ಅದೂ ಸುಳ್ಳಾದೀತು. ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ಬಂದ ಮೇಲೆ ಪಿಡಿಒ, ಪಿಎಸ್ಐ, ಎಫ್‌ಡಿಎ ಗೈಡು ಹಿಡಿದವರಿಗೆ ಕುರ್ಚಿ ಸಾಲದಾಗಿದೆ. ಅವರನ್ನು ಆಡಿಕೊಳ್ಳಲಾರೆ, ನೌಕರಿ ಬೇಕಲ್ಲ. ಆದರೆ ಪರೀಕ್ಷೆ ಮುಗಿದ ದಿನವೇ ಗೈಡು ರದ್ದಿಗೆ ಹೋಗುತ್ತದೆ, ಓದೂ ಅದರ ಜೊತೆಗೆ. ಕಥೆ, ಕಾದಂಬರಿಗಳ ಕಪಾಟಿನ ಕೀಲಿ ಎಲ್ಲಿದೆ ಎಂದು ಕೇಳುವವರೇ ಇಲ್ಲ.

ತಂದೆತಾಯಂದಿರಲ್ಲಿ ಒಂದು ಮಾತು. ಮನೆ ತೆರಿಗೆ ಕಟ್ಟುವಾಗ ಅದರ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೀರಿ, ರಸೀದಿ ತೆಗೆದು ನೋಡಿ. ದುಡ್ಡು ನಿಮ್ಮದು. ಮಕ್ಕಳನ್ನು ಕರಕೊಂಡು ಹೋಗಿ ಆ ಕಪಾಟು ತೆಗೆಸಿ, ಒಂದು ಕನ್ನಡ ಕಥೆ ಪುಸ್ತಕ ಅವರ ಹೆಸರಿಗೆ ಬರೆಸಿಕೊಂಡು ಬನ್ನಿ. ಮೊದಲು ನೀವು ಓದಿ.