ಪ್ರಶ್ನೆ ಬದಲಾಗಿತ್ತು

2014ರ ಜೂನ್. ಇರಾಕಿನ ಮೋಸೂಲ್ ನಗರ ಐಸಿಸ್ ಕೈಗೆ ಬಿದ್ದ ವಾರ. ಹೈದರಾಬಾದಿನ ಮಿಯಾಪುರದ ಹೆದ್ದಾರಿಯಲ್ಲಿ ಮೆಟ್ರೊ ಕಾಮಗಾರಿ. ಧೂಳಿಗೆ ಹೆದರಿ ಕಿಟಕಿ ಮುಚ್ಚಿಕೊಂಡು ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಹೊರದೇಶದ ಗಿರಾಕಿಗಳಿಗೆ ಸಮೀಕ್ಷೆಗಳ ಅಂಕಿಗಳನ್ನು ಜೋಡಿಸಿ ಗ್ರಾಫ್ ಮಾಡಿಕೊಡುವುದು ನಮ್ಮ ಕೆಲಸ. ಅವತ್ತು ಬಂದ ಬೇಡಿಕೆ ಸರಳವಾಗಿತ್ತು: ತಮ್ಮ ದೇಶ ಹೂಡಿದ ಯುದ್ಧಗಳ ಬಗ್ಗೆ ಅಮೆರಿಕನ್ನರ ಮನಸ್ಸು ಹೇಗೆ ಬದಲಾಗುತ್ತ ಬಂತು, ಒಂದೇ ಪುಟದಲ್ಲಿ ತೋರಿಸಿ.

ಅಂಕಿಗಳು ತಾವೇ ಕಥೆ ಹೇಳುತ್ತಿದ್ದವು. ಸೈನ್ಯ ಕಳಿಸಿದ್ದು ತಪ್ಪಾಯಿತೇ ಎಂದು ಗ್ಯಾಲಪ್ ಸಂಸ್ಥೆ ದಶಕಗಳಿಂದ ಕೇಳುತ್ತ ಬಂದಿದೆ. ವಿಯೆಟ್ನಾಂ ವಿಚಾರದಲ್ಲಿ 1965ರ ಆಗಸ್ಟ್‌ನಲ್ಲಿ ತಪ್ಪು ಎಂದವರು ಶೇ. 24, 1971ರ ಮೇ ಹೊತ್ತಿಗೆ ಶೇ. 61. ಇರಾಕ್ ವಿಚಾರದಲ್ಲಿ 2003ರ ಮಾರ್ಚ್‌ನಲ್ಲಿ ಶೇ. 23, ಐದು ವರ್ಷ ಕಳೆದ ಮೇಲೆ ಶೇ. 63. ಅಫ್ಘಾನಿಸ್ತಾನದ ವಿಚಾರದಲ್ಲಿ ಮಾತ್ರ ತಾಳ್ಮೆ ಹೆಚ್ಚು: 2001ರ ನವೆಂಬರ್‌ನಲ್ಲಿ ಶೇ. 9 ಇದ್ದದ್ದು ಶೇ. 49 ಆಗಲು 2014ರ ಫೆಬ್ರವರಿವರೆಗೆ ಬೇಕಾಯಿತು.

ಇಷ್ಟನ್ನೇ ಕೊಟ್ಟಿದ್ದರೆ ಸಾಕಿತ್ತು. ಆದರೆ ಇರಾಕಿನ ಗೆರೆಯಲ್ಲಿ ನಡುನಡುವೆ ಖಾಲಿ ತಿಂಗಳುಗಳಿದ್ದವು. ಅಲ್ಲಿಗೆ ಬೇರೊಂದು ಸಮೀಕ್ಷೆಯ ಅಂಕಿಗಳನ್ನು ತಂದು ತುಂಬಿದೆ. ಅವರು ಕೇಳಿದ್ದು, ಇಷ್ಟು ಪ್ರಾಣ, ಇಷ್ಟು ಹಣ ಸುರಿದದ್ದು ಸಾರ್ಥಕವೇ ಎಂದು. ಮೆಲ್ಲಗೆ ಏರುತ್ತಿದ್ದ ಗೆರೆ ಒಮ್ಮೆಲೇ ಜಿಗಿಯಿತು. ಜಿಗಿದಲ್ಲಿ ಕೆಂಪು ಬಾಣ ಹಾಕಿ, 'ಜನ ತಿರುಗಿಬಿದ್ದ ಕ್ಷಣ' ಎಂದು ಬರೆದೆ.

ನನ್ನ ಕೈಕೆಳಗೆ ಜಹೀರಾಬಾದ್ ಕಡೆಯ ಹುಡುಗಿಯೊಬ್ಬಳಿದ್ದಳು, ಕೆಲಸಕ್ಕೆ ಸೇರಿ ಆರು ತಿಂಗಳು. "ಸರ್, ಎರಡೂ ಒಂದೇ ಪ್ರಶ್ನೆಯಾ?" ಎಂದು ಕೇಳಿದಳು.

"ಅರ್ಥ ಒಂದೇ ಅಲ್ವೇನಮ್ಮಾ, ಕಳಿಸು" ಅಂದೆ.

ಎರಡನೇ ದಿನ ಗಿರಾಕಿ ಕಡೆಯವರು ಕೇಳಿದ್ದೂ ಅದೇ ಪ್ರಶ್ನೆ. ಫೋನ್ ಮೀಟಿಂಗ್‌ನಲ್ಲಿ ನಾನು ಕೊಟ್ಟ ಉತ್ತರ: "ಅಂಕಿ ತುಂಬುವಾಗ ತಂಡದಿಂದ ಒಂದು ತಪ್ಪಾಗಿದೆ." ಅಂಕಿ ತುಂಬುವುದು ಯಾರ ಕೆಲಸವೆಂದು ಎಲ್ಲರಿಗೂ ಗೊತ್ತಿತ್ತು. ಅವಳು ಸುಮ್ಮನೆ ಕೂತಿದ್ದಳು. ಮೂರು ತಿಂಗಳಿಗೆ ಕೆಲಸ ಬಿಟ್ಟಳು.

ಮಾನ ಹೋದ ಮೇಲೆ ಓದಲು ಕೂತೆ. ಯುದ್ಧ ಮತ್ತು ಜನಾಭಿಪ್ರಾಯದ ಬಗ್ಗೆ ಜಾನ್ ಮುಲ್ಲರ್ 1973ರಲ್ಲಿ ತಂದ ಪುಸ್ತಕದಲ್ಲಿ ನನ್ನ ತಪ್ಪಿಗೆ ಹೆಚ್ಚುಕಡಿಮೆ ಒಂದು ಅಧ್ಯಾಯವೇ ಇತ್ತು. ಕೊರಿಯಾ ಯುದ್ಧದ ಬಗ್ಗೆ ಕೇಳುವಾಗ 'ಕಮ್ಯುನಿಸ್ಟರ ಆಕ್ರಮಣ ತಡೆಯಲು' ಎಂಬ ಮಾತು ಸೇರಿಸಿದರೆ ಬೆಂಬಲ ಹೆಚ್ಚು, ಅದನ್ನು ಬಿಟ್ಟು ಬರೀ ತಪ್ಪಾಯಿತೇ ಎಂದರೆ ಕಮ್ಮಿ. ಯುದ್ಧ ಅದೇ, ಜನ ಅವರೇ. ಸಾವುನೋವು ಏರಿದಂತೆ ಬೆಂಬಲ ಇಳಿಯುತ್ತದೆ, ಅದೂ ಮೊದಮೊದಲ ಸಾವುಗಳಿಗೆ ಬೇಗ, ಆಮೇಲಿನವಕ್ಕೆ ನಿಧಾನ ಎಂಬುದು ಅವರ ಲೆಕ್ಕ. ನಾನು ಹಾಕಿದಂಥ ಕೆಂಪು ಬಾಣವನ್ನು ವಿಯೆಟ್ನಾಮಿಗೂ ಹಾಕುವವರಿದ್ದಾರೆ: 1968ರ ಫೆಬ್ರವರಿಯಲ್ಲಿ ಟಿವಿ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್ ಈ ಯುದ್ಧ ಗೆಲ್ಲುವಂಥದ್ದಲ್ಲ ಎಂದರು, ದೇಶ ತಿರುಗಿಬಿತ್ತು ಎಂದು. ಆದರೆ 1967ರ ಅಕ್ಟೋಬರಿನಲ್ಲೇ ತಪ್ಪು ಎನ್ನುವವರು ಅಲ್ಲ ಎನ್ನುವವರನ್ನು ದಾಟಿದ್ದರು. ಕ್ರಾಂಕೈಟ್ ಬಾಯಿ ಬಿಡುವ ಹೊತ್ತಿಗೆ ಜನ ಮುಂದೆ ನಡೆದಾಗಿತ್ತು.

ಓದಿದ್ದು ತಲೆಗೆ ಹೋಯಿತು, ಮೈಗೆ ಹತ್ತಲಿಲ್ಲ. ಹತ್ತಿಸಿದ್ದು ಅವ್ವ.

ಬೀದರಿನಿಂದ ಅವ್ವನನ್ನು ಮಿಯಾಪುರಕ್ಕೆ ಕರೆತಂದು ಎಂಟು ವರ್ಷವಾಗಿತ್ತು. ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದೆ, "ಇಲ್ಲಿ ಆರಾಮ ಅದೀಯಲ್ಲ ಅವ್ವಾ?" "ಆರಾಮ ಅದೀನಪ್ಪಾ, ನಂಗೇನು ಕಮ್ಮಿ ಅದ?" ಎಂಟೂ ವರ್ಷ ಅದೇ ಉತ್ತರ. ಒಂದು ದಸರೆಗೆ, ಫ್ಲಾಟಿನ ಸಾಲ ತೀರಿಸುವ ಲೆಕ್ಕದಲ್ಲಿ ಕೇಳಿದೆ, "ಊರಾಗಿನ ಮನಿ ಮಾರಿಬಿಡೋಣೇನು?" ಅವ್ವ ಜೋಳದ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಮತ್ತ ನಾ ಎಲ್ಲಿಗೆ ಹೋಗ್ಲಿ?"

"ಅವ್ವ ಬದಲಾಗಿಬಿಟ್ಟಿದಾಳೆ" ಎಂದು ರಾತ್ರಿ ಹೆಂಡತಿಗೆ ಹೇಳಿದೆ. ಹೇಳಿದ ಮರುಗಳಿಗೆ ಆ ಕೆಂಪು ಬಾಣ ಕಣ್ಣ ಮುಂದೆ ಬಂತು. ಆರಾಮವಾಗಿದ್ದೀಯಾ ಎಂಬುದೇ ಬೇರೆ, ಇಲ್ಲೇ ಇದ್ದುಬಿಡುತ್ತೀಯಾ ಎಂಬುದೇ ಬೇರೆ. ಎರಡನೆಯದನ್ನು ಎಂಟು ವರ್ಷ ನಾನು ಕೇಳಿಯೇ ಇರಲಿಲ್ಲ. ಯುದ್ಧಕ್ಕೆ ಹೋದದ್ದು ಸರಿಯೇ, ಆದರೆ ತೆತ್ತ ಬೆಲೆ ಹೆಚ್ಚಾಯಿತು ಎನ್ನುವ ಅಮೆರಿಕದ ಮುದುಕನೊಬ್ಬನನ್ನೂ ಹೀಗೇ ನನ್ನ ಗೆರೆಯಲ್ಲಿ ತಿರುಗಿಬಿದ್ದವನನ್ನಾಗಿ ಮಾಡಿದ್ದೆ.

ಈಗ ಪೇಪರಿನಲ್ಲಿ ಅಮೆರಿಕನ್ನರು ಭಾರತದ ಬಗ್ಗೆಯೋ ಯುಕ್ರೇನ್ ಬಗ್ಗೆಯೋ ಮನಸ್ಸು ಬದಲಿಸಿದರು ಎಂದು ಓದಿದರೆ ಮೊದಲು ಹುಡುಕುವುದು ಎರಡೂ ಸಲ ಕೇಳಿದ ಪ್ರಶ್ನೆಯನ್ನು. ಊರಿನ ಮನೆ ಮಾರಲಿಲ್ಲ. ತಿಂಗಳಿಗೊಮ್ಮೆ ಮಿಯಾಪುರ ಕ್ರಾಸ್‌ನಲ್ಲಿ ಅವ್ವನನ್ನು ಬೀದರ್ ಬಸ್ಸಿಗೆ ಹತ್ತಿಸುತ್ತೇನೆ.

ಹಾಗೆ ಹತ್ತಿಸಿ ಬಂದ ಒಂದು ದಿನ ಆ ಹುಡುಗಿಯ ನಂಬರ್ ಹುಡುಕಿ ಮೆಸೇಜ್ ಮಾಡಿದೆ: "ಅವತ್ತು ಆ ಗ್ರಾಫ್ ಬಗ್ಗೆ ನೀನು ಕೇಳಿದ್ದು ಸರಿಯಿತ್ತು." ಎರಡು ದಿನ ಬಿಟ್ಟು ಉತ್ತರ ಬಂತು: "ಯಾವ ಗ್ರಾಫ್ ಸರ್?"

ನಡೆದದ್ದನ್ನೆಲ್ಲ ಮೊದಲಿನಿಂದ ಬರೆದು ಕಳಿಸಬೇಕಾಯಿತು. ಈ ಸಲ 'ತಂಡ' ಎಂಬ ಪದ ಹಾಕಲಿಲ್ಲ.