ಮಾಯಕ್ಕನ ಊರಿನಲ್ಲಿ ಮದ್ದಿಲ್ಲದ ಸೂಜಿ

ಮಿರಜಿನಿಂದ ಬೆಳಗಾವಿಯ ಕಡೆಗೆ ಹೊರಟ ನಿಧಾನದ ಗಾಡಿ ಶೇಡಬಾಳ, ಉಗಾರಗಳನ್ನು ಹಿಂದೆ ಹಾಕಿ, ಕೃಷ್ಣೆಯನ್ನು ದಾಟಿ ಕುಡಚಿಯನ್ನು ಸೇರುತ್ತದೆ. ಅದರ ಮುಂದಿನದೇ ಚಿಂಚಲಿ. ಸುತ್ತಲೂ ಕಬ್ಬಿನ ಹೊಲಗಳು. ಊರಿನವರ ಬಾಯಲ್ಲಿ ಕನ್ನಡವೂ ಮರಾಠಿಯೂ ಅಕ್ಕತಂಗಿಯರಂತೆ ಕೂಡಿ ಬಾಳುತ್ತವೆ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿಗೆ ಸೇರಿದ ಈ ಊರಿನ ಹೆಸರು ಮಹಾರಾಷ್ಟ್ರದ ಹಳ್ಳಿಹಳ್ಳಿಗೂ ತಿಳಿದಿದೆ. ಅದಕ್ಕೆ ಕಾರಣ ಮಾಯಕ್ಕದೇವಿ.

ಮಾಘಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ಜಾತ್ರೆ ನೆರೆಯುತ್ತದೆ. ಕೋಲ್ಹಾಪುರ, ಸಾಂಗಲಿಗಳ ಕಡೆಯಿಂದ ಎತ್ತಿನ ಗಾಡಿಗಳನ್ನು ಕಟ್ಟಿಕೊಂಡು ಬರುವ ಹಳೆಯ ವಾಡಿಕೆ, ಬಸ್ಸು ಮೋಟಾರುಗಳು ಬಂದ ಮೇಲೂ ಪೂರ್ತಿ ಅಳಿದಿಲ್ಲ. ಕುರುಬರು, ಧನಗರರು, ಒಕ್ಕಲಿಗರು ಎಲ್ಲರೂ ಭಂಡಾರವನ್ನು ತೂರಿ ‘ಚಾಂಗಭಲೋ’ ಎಂದು ಕೂಗುವಾಗ ಗುಡಿಯ ಕಲ್ಲೂ ಜನರ ಮುಖವೂ ಒಂದೇ ಹಳದಿಯಾಗುತ್ತವೆ. ಹೋಳಿಗೆಯ ನೈವೇದ್ಯದ ಜೊತೆಗೆ ಭಕ್ತರು ತಾಯಿಗೆ ಒಪ್ಪಿಸುವ ಇನ್ನೊಂದು ವಸ್ತುವಿದೆ, ನೋವು. ಕಬ್ಬು ಕಡಿದು ಬಾಗಿದ ಬೆನ್ನು, ಮೆಟ್ಟಿಲು ಹತ್ತಲಾರದ ಮುದುಕಿಯ ಮೊಣಕಾಲು, ತಿಂಗಳುಗಟ್ಟಲೆ ಬಿಡದ ತಲೆಶೂಲೆ, ಎಲ್ಲವೂ ಇಲ್ಲಿ ಹರಕೆಯ ರೂಪವನ್ನು ತಾಳುತ್ತವೆ.

ಹರಕೆ ತೀರಿಸಿದ ಮೇಲೂ ನೋವು ಉಳಿದರೆ, ಗಡಿನಾಡಿನವರ ಎರಡನೆಯ ದಾರಿ ಮಿರಜು. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಲ್ಲಿ ಆಸ್ಪತ್ರೆಯನ್ನು ಕಟ್ಟಿದಂದಿನಿಂದ, ‘ಮಿರಜಿಗೆ ಒಯ್ದರು’ ಎಂದರೆ ಸಾಕು, ಕಾಯಿಲೆಯ ತೂಕ ಎಷ್ಟೆಂದು ಕೇಳುವವರಿಗೆ ಗೊತ್ತಾಗುತ್ತದೆ. ಒಂದು ಕಡೆ ದೇವಿ, ಇನ್ನೊಂದು ಕಡೆ ದೊಡ್ಡ ಆಸ್ಪತ್ರೆ. ಇವೆರಡರ ನಡುವೆ ಅಕ್ಯುಪಂಕ್ಚರಿನಂತಹ ಹೊಸ ಚಿಕಿತ್ಸೆಯೊಂದು ಬೇರೂರಬೇಕಾದರೆ ಅದಕ್ಕೆ ಜಾಗವೆಲ್ಲಿ?

ಮೊದಲ ತೊಡಕು ಮಾತಿನದು. ಇಲ್ಲಿ ‘ಸೂಜಿ ಮಾಡಿಸಿಕೊಂಡೆ’ ಎಂದರೆ ಇಂಜೆಕ್ಷನ್ ಎಂದೇ ಅರ್ಥ. ಸೂಜಿಯ ಗುಣವೆಲ್ಲ ಅದರೊಳಗಿನ ಮದ್ದಿನಲ್ಲಿದೆಯೆಂದು ಜನ ತಿಳಿದಿದ್ದಾರೆ. ಆದರೆ ಚೀನದಿಂದ ಬಂದ ಈ ಸೂಜಿಯೊಳಗೆ ಏನೂ ಇಲ್ಲ. ಕೂದಲೆಳೆಯಷ್ಟು ತೆಳ್ಳಗಿನ ಉಕ್ಕಿನ ಕಡ್ಡಿ ಅದು. ಚರ್ಮದಲ್ಲಿ ಚುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಹಾಗೆಯೇ ಬಿಟ್ಟು ತೆಗೆಯುತ್ತಾರೆ. ನೋವು ತಲೆಯಲ್ಲಿದ್ದರೆ ಹೆಬ್ಬೆರಳು ತೋರುಬೆರಳುಗಳ ನಡುವೆ ಚುಚ್ಚುವುದೂ ಉಂಟು. ಇಂತಹ ಬಿಂದುಗಳು ಮೈಯಲ್ಲಿ 361 ಎಂದು 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಪಟ್ಟಿ ಹೇಳುತ್ತದೆ. ‘ಮದ್ದಿಲ್ಲದ ಸೂಜಿಗೆ ರೊಕ್ಕ ಯಾಕ ಕೊಡಬೇಕ್ರಿ?’ ಎಂದು ಚಿಂಚಲಿಯ ರೈತ ಕೇಳಿದರೆ, ಅದು ತಳ್ಳಿಹಾಕುವ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ಭಾರತ ಉತ್ತರ ಹುಡುಕಿಕೊಂಡ ಕಥೆ ಗಡಿನಾಡಿಗೆ ದೂರದ್ದಲ್ಲ. ಸಿದ್ಧರಾಮರ ಸೊನ್ನಲಿಗೆಯಾದ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನೀಸ್, 1938ರಲ್ಲಿ ಕಾಂಗ್ರೆಸ್ಸು ಚೀನಕ್ಕೆ ಕಳುಹಿಸಿದ ಐವರು ವೈದ್ಯರಲ್ಲೊಬ್ಬರು. ಜಪಾನಿನ ದಾಳಿಗೆ ಸಿಕ್ಕಿದ್ದ ಆ ದೇಶದಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಲೇ 1942ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅದೇ ತಂಡದ ವಿಜಯಕುಮಾರ ಬಸು 1958ರಲ್ಲಿ ಮತ್ತೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು ಬಂದು, ಕಲಕತ್ತೆಯಲ್ಲಿ ಅದನ್ನು ಆರಂಭಿಸಿದರು, ಇತರರಿಗೂ ಕಲಿಸಿದರು. ಕೋಟ್ನೀಸರು ಶಸ್ತ್ರವೈದ್ಯರು, ಅವರ ಕೀರ್ತಿ ಸೂಜಿಯಿಂದ ಬಂದುದಲ್ಲ. ಆದರೂ ಲೂಧಿಯಾನದ ಅಕ್ಯುಪಂಕ್ಚರ್ ಆಸ್ಪತ್ರೆ ಅವರ ಹೆಸರನ್ನೇ ಹೊತ್ತಿದೆ. ಅಪರಿಚಿತ ವಿದ್ಯೆಗೆ ಜನರ ಬಾಗಿಲು ತೆರೆಸುವುದು ಫಲಕದ ಬಣ್ಣವಲ್ಲ, ನಂಬಿಕೆಗೆ ಪಾತ್ರವಾದ ಒಂದು ಹೆಸರು ಎಂಬುದು ಇದರಿಂದ ಕಾಣುತ್ತದೆ.

ಪಶ್ಚಿಮ ಬಂಗಾಳ 1996ರಲ್ಲಿ ಈ ಚಿಕಿತ್ಸೆಗೆ ಕಾಯ್ದೆ ಮಾಡಿತು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು ಸ್ವತಂತ್ರ ಚಿಕಿತ್ಸಾಕ್ರಮವೆಂದು ಮನ್ನಿಸಿತು. ಆದರೆ ಸರ್ಕಾರದ ಮನ್ನಣೆ ಬೇರೆ, ರೋಗಿಯ ಮನ್ನಣೆ ಬೇರೆ. ಸೂಜಿಯ ಶಕ್ತಿಯ ಬಗೆಗೆ ಪಂಡಿತರೇ ಒಮ್ಮತಕ್ಕೆ ಬಂದಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಕ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಇದು ಬೇಡವೆಂದಿತು. ಅದೇ ಸಂಸ್ಥೆ 2021ರಲ್ಲಿ, ಬೇರೆ ಕಾರಣ ಕಾಣದೆ ಬಹುಕಾಲ ಉಳಿದ ನೋವಿಗೆ ಇದನ್ನು ಪ್ರಯತ್ನಿಸಬಹುದೆಂದಿತು. ಸಿಕ್ಕ ಉಪಶಮನದಲ್ಲಿ ಸೂಜಿಯ ಪಾಲೆಷ್ಟು, ರೋಗಿಯ ವಿಶ್ವಾಸದ ಪಾಲೆಷ್ಟು ಎಂಬ ವಾದವೂ ಮುಗಿದಿಲ್ಲ. ವಿಶ್ವಾಸವೇ ಉಸಿರಾಗಿರುವ ಚಿಂಚಲಿಯಂತಹ ಊರಿನಲ್ಲಿ ಈ ವಾದಕ್ಕೆ ಹೆಚ್ಚಿನ ಅರ್ಥವಿದೆ.

ವೃತ್ತಿಯನ್ನು ಬೆಳೆಸಲು ಹೊರಟವನಿಗೆ ಪರೀಕ್ಷೆ ಬರುವುದೂ ಇಲ್ಲಿಯೇ. ಜಾತ್ರೆಯಲ್ಲಿ ಒಂದು ಡೇರೆ ಹಾಕಿ, ‘ಮೂರೇ ಚುಚ್ಚಿಗೆ ಪಾರ್ಶ್ವವಾಯು ಮಾಯ’ ಎಂದು ಧ್ವನಿವರ್ಧಕದಲ್ಲಿ ಕೂಗಿಸಿದರೆ ಸಂಜೆಯೊಳಗೆ ಚೀಲ ತುಂಬೀತು. ಪಾರ್ಶ್ವವಾಯು, ಮಧುಮೇಹ, ಕ್ಯಾನ್ಸರ್ ಮೊದಲಾದ ರೋಗಗಳಿಗೆ ಔಷಧಿಯನ್ನಾಗಲಿ ಮಾಂತ್ರಿಕ ಪರಿಹಾರವನ್ನಾಗಲಿ ಜಾಹೀರು ಮಾಡಬಾರದೆಂದು 1954ರ ಕಾಯ್ದೆ ಹೇಳುತ್ತದೆ. ನೋಂದಾಯಿತ ಅಲೋಪತಿ ವೈದ್ಯರಿಗೆ 2002ರ ನಿಯಮಾವಳಿ ಇನ್ನೂ ಬಿಗಿಯಾದುದು. ವೃತ್ತಿಯ ಆರಂಭ, ವಿಳಾಸದ ಬದಲಾವಣೆ, ಶುಲ್ಕ ಮೊದಲಾದ ಕೆಲವೇ ಸಂಗತಿಗಳನ್ನು ಪತ್ರಿಕೆಯಲ್ಲಿ ತಿಳಿಸಬಹುದು, ರೋಗಿಗಳನ್ನು ಕರೆಯುವಂತಿಲ್ಲ. ಮದ್ದಿಲ್ಲದ ಸೂಜಿಗೆ ಇದೆಲ್ಲ ಏಕೆಂದು ಜಾಣನೊಬ್ಬ ವಾದಿಸಬಹುದು. ಆದರೆ ಕಾಯ್ದೆಯ ಕೈಯಿಂದ ನುಣುಚಿಕೊಂಡವನು ಊರ ಬಾಯಿಯಿಂದ ನುಣುಚಿಕೊಳ್ಳಲಾರ.

ಜಾತ್ರೆಯ ಜನ ಮರುದಿನ ಗಾಡಿ ಹೂಡುತ್ತಾರೆ. ಉಳಿಯುವುದು ಊರು ಮಾತ್ರ. ಚಿಕಿತ್ಸಕನನ್ನು ಬೆಳೆಸುವವರು ಹುಣ್ಣಿಮೆಯ ಸಾವಿರ ಮಂದಿಯಲ್ಲ, ವಾರದ ಸಂತೆಗೆ ಬಂದಾಗ ಎರಡನೆಯ ಸಲ ಬಾಗಿಲು ತಟ್ಟುವ ಹತ್ತು ಮಂದಿ. ಅಂಥವರನ್ನು ಗಳಿಸುವ ಉಪಾಯಗಳು ಸಾದಾ ಆದವು. ತನ್ನ ಕಲಿಕೆ ಎಷ್ಟೆಂಬುದನ್ನು ಮರೆಮಾಚದೆ ಹೇಳುವುದು. ಶುಲ್ಕವನ್ನು ಗೋಡೆಯ ಮೇಲೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿಸುವುದು. ಪ್ರತಿಯೊಬ್ಬರ ಕಣ್ಣೆದುರಿಗೇ ಹೊಸ ಸೂಜಿಯ ಪೊಟ್ಟಣವನ್ನು ಒಡೆದು, ಬಳಸಿದ್ದನ್ನು ಎಸೆಯುವುದು. ‘ಇಷ್ಟು ಸಲ ನೋಡೋಣ, ಗುಣ ಕಾಣದಿದ್ದರೆ ನಿಲ್ಲಿಸೋಣ’ ಎಂದು ಮೊದಲೇ ಮಾತು ಕಟ್ಟಿಕೊಳ್ಳುವುದು. ಎದೆನೋವೆಂದು ಬಂದವನಿಗೆ ಸೂಜಿಯನ್ನು ಮುಟ್ಟಿಸದೆ ಮಿರಜಿನ ದಾರಿಯನ್ನು ತೋರಿಸುವುದು. ಈ ಕೊನೆಯದರಿಂದ ಆ ದಿನದ ಶುಲ್ಕ ಹೋಗುತ್ತದೆ. ಆದರೆ ಆ ಮನುಷ್ಯ ಬದುಕಿ ಬಂದು ಕಟ್ಟೆಯ ಮೇಲೆ ಕುಳಿತು ಹೇಳುವ ಒಂದು ಮಾತಿಗೆ ಯಾವ ಜಾಹೀರಾತೂ ಸಮನಾಗದು.

ದೇವಿಯ ಗುಡಿಗೆ ಬರುವವರು ಫಲದ ಕರಾರು ಬರೆಯಿಸಿಕೊಂಡು ಬರುವುದಿಲ್ಲ. ಮಿರಜಿನ ವೈದ್ಯರೂ ಕರಾರು ಬರೆದುಕೊಡುವುದಿಲ್ಲ. ಇವೆರಡರ ನಡುವೆ ಸೂಜಿಯ ಚಿಕಿತ್ಸಕನಿಗೂ ಒಂದು ಚಿಕ್ಕ ಕೋಣೆಯಷ್ಟು ಜಾಗ ಉಂಟು. ತನ್ನ ಸೂಜಿಯ ಮೊನೆಯಷ್ಟೇ ದೊಡ್ಡ ಮಾತನ್ನು ಆಡಬಲ್ಲವನಿಗೆ ಅದು ದೊರೆತೀತು.